ಏಳು ನಿಮಿಷದ ತಿಗರಿ

ಕುಂಬಾರಕೊಪ್ಪಲಿನ ನಮ್ಮ ಗ್ಯಾರೇಜಿನಲ್ಲಿ ಸಂಜೆ ಆರರ ಮೇಲೆ ಕೆಲಸ ಸಾಗುವುದಿಲ್ಲ. ಬೆಳಕು ಸಾಲದು ಎನ್ನುವುದು ನೆಪ. ಮೇಸ್ತ್ರಿ ಸೋಪಿನ ಪುಡಿಯಲ್ಲಿ ಕೈ ತಿಕ್ಕಿ ತೊಳೆದುಕೊಂಡು, ಆಯಿಲ್ ಡಬ್ಬಕ್ಕೆ ಫೋನನ್ನು ಒರಗಿಸಿ ನಿಲ್ಲಿಸಿ, ‘ಮೇಷ್ಟ್ರೇ, ಒಂದು ರೌಂಡ್ ಹೋಗ್ಬರೋಣ್ವ?’ ಅನ್ನುತ್ತಾರೆ. ನಾನು ಮೇಷ್ಟ್ರು, ಅವರು ಮೇಸ್ತ್ರಿ. ಹೆಸರಿನಲ್ಲಿ ಅಷ್ಟು ಹತ್ತಿರ, ಕೈಗೆ ಹತ್ತಿದ ಮಸಿಯಲ್ಲಿ ಇಷ್ಟು ದೂರ. ಅವರು ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1996ರಲ್ಲಿ ಅದು ಬಾಗಿಲು ಹಾಕಿದ ಮೇಲೆ ಇಲ್ಲಿ ಬಂದು ಶೀಟಿನ ಸೂರು ಎಳೆದುಕೊಂಡರು. ಎರಡು ಸ್ಟೂಲು, ಎರಡು ಲೋಟ ಟೀ, ಅಂಗೈಯಗಲದ ಪರದೆ. ಅದರೊಳಗೆ ಜರ್ಮನಿಯ ಒಂದು ಕಾಡು.

ನಾವು ನೋಡುವುದು ಒಂದೇ ಒಂದು ಸುತ್ತು. 2019ರ ಜುಲೈನಲ್ಲಿ ನ್ಯೂರ್ಬರ್ಗ್‌ರಿಂಗ್ ಎಂಬ ರೇಸ್ ದಾರಿಯ ಉತ್ತರ ಸುತ್ತಿನಲ್ಲಿ ಜಾಗ್ವಾರ್ ಎಕ್ಸ್‌ಇ ಎಸ್‌ವಿ ಪ್ರಾಜೆಕ್ಟ್ 8 ಎಂಬ ಸೆಡಾನ್ ಓಡಿದ ಸುತ್ತು. ಹಿಡಿದ ಹೊತ್ತು 7 ನಿಮಿಷ 18.361 ಸೆಕೆಂಡು. ಸ್ಟೇರಿಂಗ್ ಹಿಡಿದವರು ಬೆಲ್ಜಿಯಂನ ವಿನ್ಸೆಂಟ್ ರಾಡರ್‌ಮೆಕರ್. ದೂರ 20.6 ಕಿಲೋಮೀಟರ್. ಅಂದರೆ, ಹೆಚ್ಚುಕಡಿಮೆ ಮೈಸೂರಿನಿಂದ ಕನ್ನಂಬಾಡಿಗೆ ಹೋದಷ್ಟು. ನಮ್ಮ ಬಸ್ಸಿನಲ್ಲಿ ಕಂಡಕ್ಟರು ಟಿಕೆಟು ಹರಿದು ಮುಗಿಸಲು ಬೇಕಾಗುವ ಹೊತ್ತಿನಲ್ಲಿ ಈ ಕಾರು ಕಟ್ಟೆ ಮುಟ್ಟಿಬಿಟ್ಟಿರುತ್ತದೆ. ಸರಾಸರಿ ಗಂಟೆಗೆ 169 ಕಿಲೋಮೀಟರ್. ಅದೂ ನೆಟ್ಟಗಿನ ರಸ್ತೆಯಲ್ಲಲ್ಲ. ಎಪ್ಪತ್ತಕ್ಕೂ ಹೆಚ್ಚು ತಿರುವುಗಳು, ಸುಮಾರು 300 ಮೀಟರ್ ಏರಿಳಿತ. ಚಾಮುಂಡಿಬೆಟ್ಟದ ನೆತ್ತಿಯಿಂದ ಬುಡಕ್ಕೆ ಇಳಿದು ಮತ್ತೆ ನೆತ್ತಿಗೆ ಹತ್ತಿದ ಹಾಗೆ.

ಈ ಸುತ್ತಿನ ರುಚಿ ಹತ್ತಬೇಕಾದರೆ ಮೊದಲು ಕಾರಿನ ಜಾತಕ ತಿಳಿಯಬೇಕು. ರೇಸಿಗೆಂದೇ ಹುಟ್ಟಿದ ಕಾರು ವೇಗವಾಗಿ ಓಡಿದರೆ ಅದರಲ್ಲಿ ಆಶ್ಚರ್ಯವೇನು? ಸೆಡಾನ್ ಹಾಗಲ್ಲ, ಅದು ಗೃಹಸ್ಥ. ಮುಂದೆ ಬಾನೆಟ್ಟು, ನಡುವೆ ಮನೆ, ಹಿಂದೆ ಡಿಕ್ಕಿ. ನಾಲ್ಕು ಬಾಗಿಲು, ಏಕೆಂದರೆ ಹಿಂದೆ ಅತ್ತೆ ಮಾವ ಕೂರಬೇಕು. ಡಿಕ್ಕಿ, ಏಕೆಂದರೆ ಮದುವೆ ಮನೆಯಿಂದ ಬರುವಾಗ ಬಾಳೆಗೊನೆ ಹಿಡಿಸಬೇಕು. ಅಂಬಾಸಡರ್, ಪದ್ಮಿನಿಗಳ ಕಾಲದಿಂದಲೂ ನಮ್ಮ ಕಣ್ಣಿಗೆ ಕಾರು ಅಂದರೆ ಈ ಆಕಾರವೇ. ಇಂಥ ಸಂಸಾರವಂದಿಗ ಒಂದು ದಿನ ಪಂಚೆ ಮೇಲಕ್ಕೆತ್ತಿ ಕಟ್ಟಿ ಕುಸ್ತಿಯ ಮಟ್ಟಿಗೆ ಇಳಿದರೆ ಊರೇ ನೋಡಲು ಬರುತ್ತದಲ್ಲ, ಸೆಡಾನ್‌ನ ದಾಖಲೆ ಓಟದ ಸೊಗಸು ಇರುವುದು ಅಲ್ಲಿ.

ಜಾಗ್ವಾರ್ 2008ರಿಂದ ಟಾಟಾ ಮನೆತನದ್ದು. ಆ ಹೆಮ್ಮೆಯ ಪಾಲೂ ಸ್ವಲ್ಪ ನಮ್ಮ ಟೀ ಲೋಟಕ್ಕೆ ಬಿದ್ದಿದೆ, ಇಲ್ಲವೆನ್ನುವುದಿಲ್ಲ. 2017ರಲ್ಲಿ ಈ ಪ್ರಾಜೆಕ್ಟ್ 8 ತೋರಿಸಿದಾಗ 300ಕ್ಕಿಂತ ಹೆಚ್ಚು ಮಾಡುವುದಿಲ್ಲ ಎಂದರು. ಎಕ್ಸ್‌ಇ ಎಂಬ ಸಾಧು ಕಾರಿನ ಬಾನೆಟ್ಟಿನಡಿ 5 ಲೀಟರಿನ, ಎಂಟು ಸಿಲಿಂಡರಿನ, ಸೂಪರ್‌ಚಾರ್ಜರ್ ಇರುವ ಎಂಜಿನ್ ಕೂರಿಸಿದರು. 600 ಅಶ್ವಶಕ್ತಿ. ‘ಇಪ್ಪತ್ತು ಯೆಜ್ದಿ ಎಂಜಿನ್ನು ಒಂದೇ ಗೂಡಲ್ಲಿ ಕೂಡ್ಸಿದ್ದಾರೆ ಮೇಷ್ಟ್ರೇ’ ಎಂದು ಮೇಸ್ತ್ರಿ ತಮ್ಮ ಕಾರ್ಖಾನೆಯ ಬೈಕಿನಲ್ಲೇ ಲೆಕ್ಕ ಹಾಕಿದರು. ಸಿಸಿ ಲೆಕ್ಕದಲ್ಲಿ ಸರಿಯೇ. ಹಿಂದಿನ ಟೈರಿನ ಅಗಲ 305 ಮಿಲಿಮೀಟರ್, ಸರಿಯಾಗಿ ಒಂದು ಅಡಿ. ಆ ಟೈರನ್ನು ಒಳಗೆ ಸೇರಿಸಲು ಮೈಯನ್ನೇ ಹಿಗ್ಗಿಸಬೇಕಾಯಿತು. ಬೇಕೆಂದವರಿಗೆ ಹಿಂದಿನ ಸೀಟು ಕಿತ್ತು ಕಂಬಿಯ ಪಂಜರ ಹಾಕಿಯೂ ಕೊಟ್ಟರು. ಅತ್ತೆ ಮಾವನಿಗೆ ಜಾಗವಿಲ್ಲ, ಆದರೆ ಅವರ ಬಾಗಿಲುಗಳು ಹಾಗೇ ಇವೆ! ಗೃಹಸ್ಥನ ಮರ್ಯಾದೆಗೆ ಕುಂದಿಲ್ಲ.

ಇನ್ನು ಸುತ್ತಿಗೆ ಬರೋಣ. 1927ರಲ್ಲಿ ಐಫೆಲ್ ಬೆಟ್ಟಗಳ ನಡುವೆ ತೆರೆದ ಈ ದಾರಿಗೆ ರೇಸ್ ಚಾಲಕ ಜಾಕಿ ಸ್ಟೀವರ್ಟ್ ‘ಹಸಿರು ನರಕ’ ಎಂದು ಹೆಸರಿಟ್ಟರು. 1976ರ ರೇಸಿನಲ್ಲಿ ನಿಕಿ ಲೌಡಾ ಬೆಂಕಿಯಲ್ಲಿ ಬೆಂದು ಬದುಕಿದ್ದು ಇಲ್ಲಿಯೇ, ಫಾರ್ಮುಲಾ ಒನ್ ಈ ದಾರಿಯನ್ನು ಬಿಟ್ಟಿದ್ದು ಆಮೇಲೆ. ಆದರೆ ಪರದೆಯಲ್ಲಿ ಮೊದಲು ಕಾಣುವುದು ನರಕವಲ್ಲ, ಹಸಿರು. ಹಾಟ್ಸನ್‌ಬಾಖ್‌ನ ಒಂದರ ಬೆನ್ನಿಗೊಂದು ತಿರುವುಗಳಲ್ಲಿ ಕಾರು ಮಗ್ಗದ ಲಾಳಿಯ ಹಾಗೆ ಅತ್ತಿತ್ತ ಓಡಾಡುತ್ತದೆ. ಅದರಾಚೆ ಫ್ಲೂಗ್‌ಪ್ಲಾಟ್ಸ್, ಹೆಸರಿನ ಅರ್ಥವೇ ವಿಮಾನದ ಬಯಲು. ಏರಿನ ತುದಿಯಲ್ಲಿ ಒಂದೂಮುಕ್ಕಾಲು ಟನ್ನಿನ ಕಾರು ಒಂದು ಗಳಿಗೆ ಹಗುರಾಗುತ್ತದೆ. ನೆಲ ಬಿಟ್ಟಿತೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಎಂಜಿನ್ನಿನ ದನಿ ಅರೆಕ್ಷಣ ಹಗ್ಗ ಕಳಚಿದ ಗೂಳಿಯ ಹಾಗೆ ಎದ್ದು ಮತ್ತೆ ಅಡಗುತ್ತದೆ. ಮೇಸ್ತ್ರಿ ಅಲ್ಲಿ ಪ್ರತಿ ಸಲವೂ ಟೀ ಲೋಟವನ್ನು ತುಟಿಯಿಂದ ಇಳಿಸುತ್ತಾರೆ.

ಫುಕ್ಸ್‌ರೋರೆ ಅಂದರೆ ನರಿಯ ಬಿಲ. ಮರಗಳ ನಡುವಿನ ಇಳಿಜಾರಿನಲ್ಲಿ ಕಾರು ತೊಟ್ಟಿಯ ತಳಕ್ಕೆ ಬಿದ್ದಂತೆ ಬಿದ್ದು, ತಳದಲ್ಲಿ ಒಮ್ಮೆ ಮುದುಡಿ, ಆಚೆ ದಡಕ್ಕೆ ಎದ್ದುಬರುತ್ತದೆ. ಇಲ್ಲಿ ಚಾಲಕರ ಕೈ ನೋಡಬೇಕು. ಸ್ಟೇರಿಂಗ್ ಅಲುಗಾಡುವುದೇ ಕಡಿಮೆ. ವೇಗ ಹೆಚ್ಚಿದಷ್ಟೂ ಕೈಯ ಕೆಲಸ ಕಿರಿದಾಗುತ್ತದೆ. ಇನ್ನೊಂದಷ್ಟು ದೂರ ಹೋದರೆ ಕಾರುಸೆಲ್. ಗುಂಡನೆಯ ತಿರುವಿನ ಒಳಅಂಚಿನಲ್ಲಿ ಕಾಂಕ್ರೀಟಿನ ಒಂದು ಬೋಗುಣಿ. ಕಾರು ಅದರೊಳಗೆ ಇಳಿದು, ಒಳಮೈಗೆ ಅಂಟಿಕೊಂಡು, ದಡದಡನೆ ಸುತ್ತಿ ಹೊರಬೀಳುತ್ತದೆ. ಕೊನೆಗೆ ಡೋಟಿಂಗರ್ ಹೋಯೆ ಎಂಬ ನೀಳ ನೇರ ದಾರಿ. ಅಲ್ಲಿ ಕಾರಿಗಷ್ಟೇ ಕೆಲಸ, ಚಾಲಕರಿಗೆ ಉಸಿರು ಬಿಡಲು ಬಿಡುವು, ನಮಗೆ ಟೀ ಮುಗಿಸಲು.

ಆ ಬೋಗುಣಿಯೇ ನನ್ನನ್ನು ಬೇರೆ ಕಡೆಗೆ ಎಳೆದದ್ದು. ನಾವು ಕೂತಿರುವ ಊರಿನ ಹೆಸರು ಕುಂಬಾರಕೊಪ್ಪಲು. ಕೊಪ್ಪಲು ಅಂದರೆ ಸಣ್ಣ ಹಳ್ಳಿ. ನಗರ ಬೆಳೆದು ನುಂಗಿದ ಇಂಥ ಕೊಪ್ಪಲುಗಳು ಮೈಸೂರಿನಲ್ಲಿ ಹಲವು. ಒಂದು ಪಕ್ಕಕ್ಕೆ ಹೆಬ್ಬಾಳದ ಕೈಗಾರಿಕಾ ಪ್ರದೇಶ, ಇನ್ನೊಂದು ಪಕ್ಕಕ್ಕೆ ಮೇಟಗಳ್ಳಿ. ಅಲ್ಲಿ ಕೆಆರ್‌ಎಸ್ ರಸ್ತೆಯಲ್ಲಿ ವಿಕ್ರಾಂತ್ ಟೈರ್ ಕಾರ್ಖಾನೆ. 1997ರಲ್ಲಿ ಅದನ್ನು ಕೊಂಡ ಜೆಕೆ ಟೈರ್, ದೇಶದ ರೇಸಿಂಗ್ ಚಾಂಪಿಯನ್‌ಶಿಪ್‌ಗೆ ತನ್ನ ಹೆಸರನ್ನೇ ಕೊಟ್ಟ ಕಂಪನಿ. ರೇಸ್ ನೋಡಬೇಕೆಂದರೆ ಮಾತ್ರ ನಮ್ಮವರು ಮದರಾಸಿನ ದಾರಿ ಹಿಡಿಯಬೇಕಿತ್ತು. ಮೊದಲು ಶೋಲಾವರಂನ ಹಳೆಯ ವಿಮಾನಪಟ್ಟಿ, 1990ರಿಂದ ಇರುಂಗಾಟ್ಟುಕೋಟ್ಟೈ. ಹೀಗೆ ರಬ್ಬರು ಬೇಯುವ ಜಾಗದಲ್ಲಿ, ಮಣ್ಣು ಬೇಯಿಸುವವರ ಹೆಸರು ಹೊತ್ತ ಊರಿನಲ್ಲಿ ಕೂತು ನಾವು ದೂರದ ಸುತ್ತನ್ನು ನೋಡುತ್ತೇವೆ.

ಮಣ್ಣಿಗೂ ಕಾರಿಗೂ ಏನು ಸಂಬಂಧ ಎಂದು ಒಂದು ಸಂಜೆ ನಾನೇ ಕೇಳಿದೆ. ಮೇಸ್ತ್ರಿ ಮಾತಾಡಲಿಲ್ಲ. ರಿಪೇರಿಗೆ ಬಂದಿದ್ದ ಯೆಜ್ದಿಯೊಂದರ ಪ್ಲಗ್ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಇನ್ನೂ ಬೆಚ್ಚಗಿತ್ತು. ಬುಡದಲ್ಲಿ ಕಬ್ಬಿಣದ ಮರೆ, ಮೇಲೆ ಬಿಳಿಯ ಪಿಂಗಾಣಿ ಕತ್ತು. ‘ಇದು ಮಡಕೆ ಅಲ್ವಾ?’ ಅಂದರು. ಹೌದಲ್ಲ! ಅಲ್ಯೂಮಿನಾ ಪುಡಿಯನ್ನು ಅಚ್ಚಿಗೊತ್ತಿ ಸುಟ್ಟ ಪುಟ್ಟ ಕುಡಿಕೆ ಅದು. ಸಾವಿರಾರು ವೋಲ್ಟಿನ ಕಿಡಿಯನ್ನು ಸಿಲಿಂಡರಿನ ಬೆಂಕಿಯೊಳಕ್ಕೆ ದಾಟಿಸಿಯೂ ಒಡೆಯಬಾರದು, ಕಿಡಿ ಪಕ್ಕಕ್ಕೆ ಹರಿಯಗೊಡಬಾರದು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಂಪನಿಯ ಹೆಸರು ನಮ್ಮ ಕಡೆ ಮನೆಮಾತಾದದ್ದರಲ್ಲಿ ಈ ಕುಡಿಕೆಯ ಪಾಲು ದೊಡ್ಡದು.

ಮೇಸ್ತ್ರಿ ಪ್ಲಗ್ಗನ್ನು ಮತ್ತೆ ತೆಗೆದುಕೊಂಡು ಒಳತುದಿಯನ್ನು ಬಲ್ಬಿನ ಕೆಳಗೆ ಹಿಡಿದರು. ‘ಕರ್ರಗೆ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ ಅಂತ. ಬೆಳ್ಳಗೆ ಸುಣ್ಣ ಆಗಿದ್ರೆ ಗಾಳಿ ಜಾಸ್ತಿ, ಎಂಜಿನ್ ಸುಡುತ್ತೆ. ಬಿಸ್ಕತ್ತಿನ ಬಣ್ಣ ಇದ್ರೆ ಹದ.’

ಹದ. ಆ ಒಂದು ಮಾತಿನಲ್ಲಿ ನನಗೆ ಜರ್ಮನಿಯ ಸುತ್ತೂ ಬಿಡಿಸಿಕೊಂಡಿತು. ಕುಂಬಾರನ ಕೆಲಸವೆಲ್ಲ ಹದದ್ದೇ. ಮಣ್ಣು ನೀರಾದರೆ ಕುಸಿಯುತ್ತದೆ, ಗಟ್ಟಿಯಾದರೆ ಬಿರುಕು. ತಿಗರಿ ನಿಧಾನವಾದರೆ ಗೋಡೆ ಏಳದು, ಜೋರಾದರೆ ಮಡಕೆ ಹಾರುತ್ತದೆ. ಆವಿಗೆಯ ಬೆಂಕಿ ಕಡಿಮೆಯಾದರೆ ಹಸಿ, ಹೆಚ್ಚಾದರೆ ಸೊಟ್ಟ. ಆ ಸೆಡಾನ್‌ನದೂ ಇದೇ ಕಥೆ. ತಣ್ಣಗಿನ ಟೈರು ಜಾರುತ್ತದೆ, ಅತಿಯಾಗಿ ಕಾದ ಟೈರು ಕರಗಿ ಕೈಕೊಡುತ್ತದೆ. ಬ್ರೇಕು ತಡವಾದರೆ ಬೇಲಿ, ಬೇಗವಾದರೆ ಹೋದ ಸೆಕೆಂಡು ತಿರುಗಿ ಬಾರದು. 600 ಅಶ್ವಶಕ್ತಿಯನ್ನು ಹಣ ಕೊಟ್ಟರೆ ಕೊಡುತ್ತಾರೆ. ಹದವನ್ನು ಯಾರೂ ಮಾರುವುದಿಲ್ಲ.

ಆ ಕಾರಿನಲ್ಲಿ ಕುಂಬಾರರ ವಿದ್ಯೆ ಇನ್ನೂ ಎರಡು ಕಡೆ ಅಡಗಿದೆ. ಒಂದು ಅದರ ಬ್ರೇಕ್ ತಟ್ಟೆ, ಮುಂದಿನದರ ಅಡ್ಡಳತೆ 400 ಮಿಲಿಮೀಟರ್. ಕಾರ್ಬನ್ ನಾರಿನ ಅಚ್ಚಿಗೆ ಕರಗಿದ ಸಿಲಿಕಾನ್ ಕುಡಿಸಿ ಕುಲುಮೆಯಲ್ಲಿ ಬೇಯಿಸಿದ್ದು. ನಮ್ಮ ಮಡಕೆಗೆ 800, 900 ಡಿಗ್ರಿಯ ಬೆಂಕಿ ಸಾಕು. ಸಿಲಿಕಾನ್ ಕರಗಲೇ 1400 ಡಿಗ್ರಿ ದಾಟಬೇಕು. ಇನ್ನೊಂದು ಚಕ್ರದ ಬೇರಿಂಗ್. ಅದರೊಳಗಿನ ಗುಂಡುಗಳು ಉಕ್ಕಿನವಲ್ಲ, ಸಿಲಿಕಾನ್ ನೈಟ್ರೈಡ್ ಎಂಬ ಪುಡಿಯನ್ನು ಒತ್ತಿ ಸುಟ್ಟ ಸಿರಾಮಿಕ್ ಗೋಲಿಗಳು. ಫಾರ್ಮುಲಾ ಒನ್ ಕಾರುಗಳ ಈ ಬೇರಿಂಗನ್ನು ರಸ್ತೆ ಕಾರಿಗೆ ಮೊದಲು ತಂದದ್ದು ತಾವೇ ಎಂದು ಜಾಗ್ವಾರ್ ಹೇಳಿಕೊಂಡಿತು. ಉಕ್ಕಿನ ಗುಂಡಿನ ಅರ್ಧಕ್ಕಿಂತಲೂ ಕಡಿಮೆ ತೂಕ, ಗಡಸು ಮಾತ್ರ ಹೆಚ್ಚು. ಕಾರುಸೆಲ್‌ನ ಬೋಗುಣಿಯಲ್ಲಿ ಆ ಚಕ್ರಗಳು ದಡದಡಿಸುವಾಗ ಇಡೀ ಭಾರ ನಿಂತಿರುವುದು ಬಟಾಣಿಯಂಥ ಸುಟ್ಟ ಗೋಲಿಗಳ ಮೇಲೆ. ತಿಗರಿಯ ಮೇಲೆ ಮಣ್ಣು ತಿರುಗುವುದನ್ನು ನೋಡಿದ್ದೆವು. ಇಲ್ಲಿ ಸುಟ್ಟ ಮಣ್ಣಿನ ಬಂಧುವಿನ ಮೇಲೇ ತಿಗರಿ ತಿರುಗುತ್ತಿದೆ.

ದಾಖಲೆಯ ಓಟ ರೇಸಿನಂತಲ್ಲ. ಪಕ್ಕದಲ್ಲಿ ಎದುರಾಳಿ ಇಲ್ಲ, ಮೊದಲು ಬಂದವರ ಕೊರಳಿಗೆ ಹಾರವಿಲ್ಲ. ಕಾರು ಹೊರಟಲ್ಲಿಗೇ ಬಂದು ಸೇರುತ್ತದೆ. ನಮ್ಮ ಹಿರಿಯರು ಗಾಣದೆತ್ತನ್ನು ನೋಡಿ ಇದನ್ನು ವ್ಯರ್ಥ ಎನ್ನುತ್ತಿದ್ದರು. ಆದರೆ ತಾಳದ ಆವರ್ತವೂ ಹೊರಟಲ್ಲಿಗೇ ಬರುತ್ತದೆ. ಹೇಗೆ ಬಂತು ಎಂಬುದರಲ್ಲಿ ಕಛೇರಿಯ ಜೀವ. 2017ರ ನವೆಂಬರಿನಲ್ಲಿ ಇದೇ ಚಾಲಕ, ಇದೇ ಮಾದರಿಯ ಕಾರು 7 ನಿಮಿಷ 21.23 ಸೆಕೆಂಡಿನಲ್ಲಿ ಸುತ್ತಿಬಂದು, ಅದಕ್ಕೆ ಹಿಂದಿನ ವರ್ಷ ಆಲ್ಫಾ ರೋಮಿಯೊ ಜೂಲಿಯಾ ಮಾಡಿದ್ದ 7 ನಿಮಿಷ 32 ಸೆಕೆಂಡಿಗಿಂತ ಸುಮಾರು 11 ಸೆಕೆಂಡು ಮುಂದೆ ಹೋಗಿದ್ದರು. ಅಲ್ಲಿಗೆ ಸಾಕಿತ್ತು. ಎರಡು ವರ್ಷ ಬಿಟ್ಟು ಮತ್ತೆ ಬಂದದ್ದು ಮೂರು ಸೆಕೆಂಡಿಗೂ ಕಡಿಮೆ ಲಾಭಕ್ಕೆ. ತನ್ನದೇ ಮಡಕೆಯನ್ನು ಎದುರಿಗಿಟ್ಟುಕೊಂಡು ಇನ್ನೊಂದು ನೂಲಿನಷ್ಟು ತೆಳ್ಳಗೆ ತೆಗೆಯಬಹುದೇ ಎಂದು ನೋಡುವವನ ಹಟ ಅದು. ಆ ಮೂರು ಸೆಕೆಂಡು ಒಂದೇ ಜಾಗದಲ್ಲಿ ಸಿಗುವುದಿಲ್ಲ. ಇಲ್ಲಿ ಒಂದು ಗೇಣು, ಅಲ್ಲಿ ಒಂದು ಬೆರಳು ಎಂದು ಎಪ್ಪತ್ತು ತಿರುವುಗಳಲ್ಲಿ ಹೆಕ್ಕಿ ಕೂಡಿಸಬೇಕು.

ಆ ದಾಖಲೆಯೂ ಈಗ ಹಳೆಯದು. 2019ರ ಹೊಸ ನಿಯಮದಂತೆ, ಮೊದಲು ಬಿಟ್ಟಿದ್ದ ತುಂಡು ದಾರಿಯನ್ನೂ ಸೇರಿಸಿ ಪೂರ್ತಿ 20.832 ಕಿಲೋಮೀಟರಿಗೆ ಜಾಗ್ವಾರ್ ಲೆಕ್ಕ 7 ನಿಮಿಷ 23.164 ಸೆಕೆಂಡು. 2025ರಲ್ಲಿ ಶಓಮಿ ಕಂಪನಿಯ ಎಸ್‌ಯು7 ಅಲ್ಟ್ರಾ ಅದೇ ಪೂರ್ತಿ ಸುತ್ತನ್ನು 7 ನಿಮಿಷ 4.957 ಸೆಕೆಂಡಿನಲ್ಲಿ ಮುಗಿಸಿದ ಸುದ್ದಿ ಬಂತು. ಅದೂ ನಾಲ್ಕು ಬಾಗಿಲಿನ ಸೆಡಾನೇ, ಆದರೆ ಕರೆಂಟಿನದು. ಮೇಸ್ತ್ರಿಯ ಫೋನು ಮಾಡಿದ ಕಂಪನಿಯೇ ಆ ಕಾರನ್ನೂ ಮಾಡಿದ್ದು. ಫೋನನ್ನು ತಿರುಗಿಸಿ ಬೆನ್ನು ನೋಡಿ ನಕ್ಕರು. ಪ್ಲಗ್ ಬಿಚ್ಚಿದ ಸಂಜೆಯೇ ಆ ಸುತ್ತನ್ನೂ ಹಾಕಿದರು.

ಹಾಟ್ಸನ್‌ಬಾಖ್ ಬಂತು, ಫ್ಲೂಗ್‌ಪ್ಲಾಟ್ಸ್ ಬಂತು. ಗೂಳಿಯ ದನಿ ಇಲ್ಲ, ಗಾಳಿ ಮತ್ತು ಟೈರಿನ ಸದ್ದು ಅಷ್ಟೇ. ಮೇಸ್ತ್ರಿಯ ಲೋಟ ತುಟಿಯಲ್ಲೇ ಇತ್ತು. ‘ಪ್ಲಗ್ಗೇ ಇಲ್ವಲ್ಲ ಮೇಷ್ಟ್ರೇ, ಏನ್ ಬಿಚ್ಚಿ ನೋಡೋದು?’ ಎಂದರು. ಆ ಮಾತಿನಲ್ಲಿ ಜಾವಾ ಕಾರ್ಖಾನೆಯ ಬೀಗದ ಸದ್ದೂ ಇತ್ತೇನೋ. ನಾನು ಸಮಾಧಾನಕ್ಕೆಂದಲ್ಲ, ಗೊತ್ತಿದ್ದುದನ್ನು ಹೇಳಿದೆ: ‘ಓಡಿಸ್ತಿರೋದು ಯಾರು ಗೊತ್ತಾ? ಜಾಗ್ವಾರ್ ಓಡಿಸಿದ್ದರಲ್ಲ, ಅದೇ ರಾಡರ್‌ಮೆಕರ್.’

ಅವರು ಲೋಟ ಕೆಳಗಿಟ್ಟು, ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, ವಿಡಿಯೋ ಹಿಂದಕ್ಕೆಳೆದರು. ನರಿಯ ಬಿಲ ಬಂದಾಗ ಪರದೆಗೆ ಬೆರಳು ತಾಗಿಸದೆ ತೋರಿಸಿದರು. ಕಾರು ತಳಕ್ಕೆ ಬೀಳುತ್ತಿತ್ತು, ಸ್ಟೇರಿಂಗ್ ಅಲುಗಾಡುತ್ತಿರಲಿಲ್ಲ.

‘ಹೂಂ, ಅದೇ ಕೈ’ ಎಂದರು. ಯೆಜ್ದಿಯ ಪ್ಲಗ್ ಇನ್ನೂ ಬೆಂಚಿನ ಮೇಲೇ ಇತ್ತು. ಒರೆಸಿ, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಕೂರಿಸಿ, ಕೊನೆಯ ಕಾಲು ಸುತ್ತಿಗೆ ಮಾತ್ರ ಸ್ಪ್ಯಾನರ್ ಹಾಕಿದರು.