ಸೀಸೆಯ ಮೇಲಿನ ಮಿಂಚುಳ್ಳಿ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಬಾರ್ಲಿ ಬೆಳೆಯುವುದಿಲ್ಲ, ಹಾಪ್ಸ್ ಬಳ್ಳಿಯ ಮಾತಂತೂ ಎತ್ತಲೇಬೇಡಿ. ಅಲ್ಲಿ ಬೆಳೆಯುವುದು ದ್ರಾಕ್ಷಿ. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ಚಪ್ಪರ, ಅದರಡಿ ಬಗ್ಗಿ ನಡೆಯುವವರ ತಲೆಗೆ ತಾಗುವ ಕಪ್ಪು ಗೊಂಚಲು. ಪನ್ನೀರ್ ದ್ರಾಕ್ಷಿ ಎಂದು ಕರೆಯುವ ಈ ಮಸ್ಕಟ್ ಹ್ಯಾಂಬರ್ಗ್ ತಳಿಯನ್ನು 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಮಿಳುನಾಡಿಗೆ ತಂದರೆಂದು ಹೇಳುತ್ತಾರೆ. 2023ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ವರ್ಷದ ಯಾವ ತಿಂಗಳಲ್ಲಿ ಹೋದರೂ ಒಂದಲ್ಲ ಒಂದು ತೋಟದಲ್ಲಿ ಕೊಯ್ಲು ನಡೆದಿರುತ್ತದೆ. ಕಣಿವೆಯಲ್ಲೇ ವೈನ್ ಮಾಡುವವರೂ ಇದ್ದಾರೆ. ಆದರೂ ಸಂಜೆ ಟಾಸ್ಮಾಕ್ ಅಂಗಡಿಯ ಮುಂದೆ ಸೇರುವ ಜನ ಕೊಳ್ಳುವುದು ಬ್ರಾಂದಿ, ಇಲ್ಲವೇ ರಾಜಸ್ಥಾನ, ಹರಿಯಾಣದ ಕಡೆಯಿಂದ ಬಂದ ಬಾರ್ಲಿಯ ಬೀರು.

ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ಒಕ್ಕಲಿಗ ಕುಟುಂಬಗಳು ಕಂಬಂನಲ್ಲಿ ತಲೆತಲಾಂತರದಿಂದ ಇವೆ. ಕೌಂಟರಿನ ಮುಂದೆ ಮಾತ್ರ ಎಲ್ಲರದೂ ಒಂದೇ ಮಾತು: ‘ಕೂಲಿಂಗ್ ಬೀರ್ ಇರುಕ್ಕಾ?’ ಯಾವ ಕಂಪನಿಯದು ಎಂಬುದು ಆಮೇಲಿನ ವಿಷಯ, ಎಷ್ಟೋ ಸಲ ವಿಷಯವೇ ಅಲ್ಲ. ತಣ್ಣಗಿದ್ದರೆ ಆಯಿತು. ಕಂಬಿಯ ಸಂದಿನಿಂದ ಯಾವುದು ಬಂತೋ ಅದೇ ಪ್ರಸಾದ.

ಬೀರಿನ ಜಾಹೀರಾತಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅದನ್ನು ಈ ಕೌಂಟರಿನಿಂದಲೇ ಶುರುಮಾಡಲು ಕಾರಣವಿದೆ. ತಮಿಳುನಾಡಿನಲ್ಲಿ 1937ರಲ್ಲಿ ರಾಜಾಜಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧ 1971ರಲ್ಲಿ ಸಡಿಲವಾಯಿತು, 1974ರಲ್ಲಿ ಮತ್ತೆ ಬಿಗಿಯಾಯಿತು, 1981ರಲ್ಲಿ ಮತ್ತೆ ಸಡಿಲವಾಯಿತು. 1983ರಲ್ಲಿ ಸರ್ಕಾರದ ಮದ್ಯ ನಿಗಮ ಟಾಸ್ಮಾಕ್ ಹುಟ್ಟಿತು. 2003ರ ಕೊನೆಗೆ ಚಿಲ್ಲರೆ ಮಾರಾಟವನ್ನೂ ಅದೇ ವಹಿಸಿಕೊಂಡಿತು. ಅಂದರೆ ಅಂಗಡಿಕಾರ ಸರ್ಕಾರವೇ. ಕುಡಿತ ಮನೆಗೂ ನಾಡಿಗೂ ಜೀವಕ್ಕೂ ಕೇಡು ಎಂದು ಗ್ರಾಹಕನಿಗೆ ಬುದ್ಧಿ ಹೇಳಿಯೇ ಈ ಅಂಗಡಿಕಾರ ಸೀಸೆ ಕೊಡುತ್ತಾನೆ. ತನ್ನ ಸರಕನ್ನು ತಾನೇ ಬೈದು ಮಾರುವ ವ್ಯಾಪಾರಿ ಬೇರೆಲ್ಲಿ ಸಿಕ್ಕಾನು? ನಮ್ಮ ಕರ್ನಾಟಕದಲ್ಲೂ 2003ರಿಂದ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ ಕೈಯಲ್ಲೇ ಇದೆ. ಆದರೆ ಚಿಲ್ಲರೆ ಮಾರಾಟ ಬಹುಪಾಲು ಖಾಸಗಿಯವರದು. ಹಾಗಾಗಿ ವೈನ್ ಸ್ಟೋರಿನ ಮುಂದೆ ಕಂಪನಿ ಹೆಸರಿನ ದೀಪದ ಬೋರ್ಡು, ಒಳಗೆ ಗಾಜಿನ ಬಾಗಿಲಿನ ಫ್ರಿಜ್ಜು, ‘ಸ್ಟ್ರಾಂಗಾ, ಪ್ರೀಮಿಯಮ್ಮಾ?’ ಎಂದು ಕೇಳುವ ಹುಡುಗ, ಇಷ್ಟಾದರೂ ಇವೆ. ಟಾಸ್ಮಾಕಿನಲ್ಲಿ ಬೀರಿನ ಪರವಾಗಿ ಮಾತಾಡಲು ಉಳಿದಿರುವುದು ಸೀಸೆಗೆ ಅಂಟಿಸಿದ ಅಂಗೈಯಗಲದ ಕಾಗದವೊಂದೇ.

ಆ ಕಾಗದಕ್ಕೊಂದು ಕಾಲದಲ್ಲಿ ಎಂಥ ಮರ್ಯಾದೆ ಇತ್ತೆಂಬುದಕ್ಕೆ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿ ಸಾಕ್ಷಿ ಇದೆ. ಎದುವಾರ್ ಮಾನೆ 1882ರಲ್ಲಿ, ಸಾಯುವ ಹಿಂದಿನ ವರ್ಷ, ಫೋಲಿ ಬೆರ್ಜೇರ್ ಎಂಬ ಪ್ಯಾರಿಸ್ಸಿನ ಮನರಂಜನಾ ಮಂದಿರದ ಬಾರನ್ನು ಬರೆದ. ನಡುವೆ ದಣಿದ ಕಣ್ಣಿನ ಹುಡುಗಿ, ಅವಳ ಮುಂದೆ ಅಮೃತಶಿಲೆಯ ಕಟ್ಟೆ, ಕಟ್ಟೆಯ ಎರಡೂ ಕೊನೆಗೆ ಕೆಂಪು ತ್ರಿಕೋನದ ಲೇಬಲ್ ಹೊತ್ತ ಕಂದು ಸೀಸೆಗಳು. ಅದು ಬಾಸ್ ಕಂಪನಿಯ ಬೀರು. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದದ್ದು 1876ರ ಜನವರಿ 1ರಂದು, ಅದರಲ್ಲಿ ಮೊಟ್ಟಮೊದಲ ನಂಬರು ಈ ತ್ರಿಕೋನದ್ದೇ. ಶಾಂಪೇನ್ ಸೀಸೆಗಳ ಪಕ್ಕದಲ್ಲಿ ಇಂಗ್ಲೆಂಡಿನ ಬೀರನ್ನು ಮಾನೆ ಹೆಸರು ಬರೆಯದೆಯೇ ಗುರುತು ಹಿಡಿಸುತ್ತಾನೆ. ನಾಲ್ಕಾರು ಕೆಂಪು ಗೀಟು ಎಳೆದಿದ್ದಾನೆ, ಅಷ್ಟೇ. ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ತನ್ನ ಸಹಿಯನ್ನೂ ಅವನು ಎಡಬದಿಯ ಇನ್ನೊಂದು ಸೀಸೆಯ ಲೇಬಲ್ಲಿನ ಮೇಲೆಯೇ ಹಾಕಿದ. ಚಿತ್ರಕಾರನೊಬ್ಬ ಲೇಬಲ್ಲಿಗೆ ಇದಕ್ಕಿಂತ ದೊಡ್ಡ ಗೌರವ ಕೊಡಲಾರ. ಮುಂದೆ ಪಿಕಾಸೊ ಕೂಡ ಬಾಸ್ ಸೀಸೆಯನ್ನು ತುಂಡುತುಂಡು ಮಾಡಿ ತನ್ನ ಕ್ಯೂಬಿಸ್ಟ್ ಚಿತ್ರಗಳೊಳಗೆ ಜೋಡಿಸಿಟ್ಟ.

ಅದಕ್ಕೂ ಹಿಂದೆ, 1751ರಲ್ಲಿ, ವಿಲಿಯಂ ಹೊಗಾರ್ತ್ ‘ಬೀರ್ ಸ್ಟ್ರೀಟ್’, ‘ಜಿನ್ ಲೇನ್’ ಎಂಬ ಜೋಡಿ ಚಿತ್ರ ಮಾಡಿದ್ದ. ಜಿನ್ನಿನ ಓಣಿಯಲ್ಲಿ ಸಾವು, ಹಸಿವು, ಮಗು ಕೈಜಾರಿ ಬೀಳುತ್ತಿದ್ದರೂ ಪರಿವೆಯಿಲ್ಲದ ತಾಯಿ. ಬೀರಿನ ಬೀದಿಯಲ್ಲಿ ಎಲ್ಲರೂ ಉಂಡು ತಿಂದು ಗುಂಡಗಿದ್ದಾರೆ. ಜಿನ್ ಮಾರಾಟಕ್ಕೆ ಮೂಗುದಾರ ಹಾಕುವ ಕಾಯ್ದೆಯ ಪರವಾಗಿ ಮಾಡಿದ ಪ್ರಚಾರ ಅದು, ಬೀರಿಗೆ ಪುಕ್ಕಟೆ ಜಾಹೀರಾತಾಗಿಯೂ ಒದಗಿತು. ಆದರೆ ಆ ಬೀದಿಯಲ್ಲೊಬ್ಬ ಬಡಕಲು ಮನುಷ್ಯನಿದ್ದಾನೆ. ಬಟ್ಟೆ ಹರಿದಿದೆ, ಏಣಿಯ ಮೇಲೆ ನಿಂತಿದ್ದಾನೆ. ಪಡಖಾನೆಯ ಬೋರ್ಡಿಗೆ ಬಣ್ಣ ಹಚ್ಚುತ್ತಿರುವ ಚಿತ್ರಗಾರ ಅವನು. ಬೀರು ಕಾಯಿಸಿದವನು, ಮಾರಿದವನು, ಕುಡಿದವನು ಎಲ್ಲರೂ ಬೆಳೆದರು, ಅದರ ಚಿತ್ರ ಬರೆದವನೊಬ್ಬ ಸೊರಗಿದ. ಹೊಗಾರ್ತನ ಕುಹಕವೆಲ್ಲ ಆ ಏಣಿಯ ಮೇಲಿದೆ ಎನ್ನುವುದು ನನ್ನ ಗುಮಾನಿ.

ನಮ್ಮ ಕಡೆಯ ಬೀರಿನ ಕಥೆ ಶುರುವಾಗುವುದು ಬೆಟ್ಟದಲ್ಲಿ. ಬೀರು ಹುಳಿಯಲು ತಂಪು ಬೇಕು, ಯಂತ್ರದ ತಂಪು ಬರುವ ಮೊದಲು ಅದು ಸಿಗುತ್ತಿದ್ದುದು ಎತ್ತರದ ಊರುಗಳಲ್ಲಿ. ಕುಡಿಯಲು ಗೋರಾ ಸಿಪಾಯಿಗಳೂ ಬೇಕು. ನೀಲಗಿರಿಯಲ್ಲೂ ಬೆಂಗಳೂರು ದಂಡಿನಲ್ಲೂ ಎರಡೂ ಇದ್ದವು. 1857ರ ಕ್ಯಾಸಲ್ ಬ್ರೂವರಿ, ನೀಲಗಿರಿ ಬ್ರೂವರಿ, 1885ರ ಬೆಂಗಳೂರು ಬ್ರೂಯಿಂಗ್ ಕಂಪನಿ ಸೇರಿದಂತೆ ಐದು ಸಣ್ಣ ಕಾರ್ಖಾನೆಗಳನ್ನು ಕೂಡಿಸಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಪೀಪಾಯಿಗಳು ಎತ್ತಿನಗಾಡಿಯಲ್ಲಿ ದಂಡಿಗೆ ಹೋಗುತ್ತಿದ್ದವು. ಹಾಗೆ ಹೋಗುವ ಬೀರಿಗೆ ಲೇಬಲ್ಲೂ ಬೇಡ, ಜಾಹೀರಾತೂ ಬೇಡ, ಗಿರಾಕಿ ಕಟ್ಟಿಟ್ಟ ಬುತ್ತಿ. 1947ರಲ್ಲಿ ಬಂಟ್ವಾಳ ಮೂಲದ ವಿಠ್ಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ದಂಡು ಹಡಗು ಹತ್ತಿ ಹೋಯಿತು, ಕುಡಿಯುವವರು ಬದಲಾದರು, ಊರೂರಿಗೊಂದು ಪಾನನಿಷೇಧ ಬಂತು. ಮಲ್ಯರು ಸದ್ದಿಲ್ಲದೆ ಒಂದರ ಮೇಲೊಂದು ಕಂಪನಿ ಕೊಳ್ಳುತ್ತ ಹೋದರು.

ಮಿಂಚುಳ್ಳಿ ಬಂದದ್ದು 1978ರಲ್ಲಿ, ಮಗ ವಿಜಯ್ ಮಲ್ಯರ ಉತ್ಸಾಹದಿಂದ. ಕಿಂಗ್‌ಫಿಷರ್ ಹಕ್ಕಿಯನ್ನು ಆರಿಸಿದವರು ಯಾರೇ ಇರಲಿ, ಅವರ ಕಣ್ಣಿಗೆ ಶರಣು. ನೀಲಿ ಬೆನ್ನು, ಕಿತ್ತಳೆ ಹೊಟ್ಟೆ, ಮೊನಚು ಕೊಕ್ಕು. ಕನ್ನಡ ಓದಲು ಬಾರದವನಿಗೂ ಇಂಗ್ಲಿಷ್ ಓದಲು ಬಾರದವನಿಗೂ ಒಂದೇ ನೋಟಕ್ಕೆ ಸಿಗುತ್ತದೆ. ಕೆರೆಯಿರುವ ಊರಿನವರಿಗೆಲ್ಲ ಪರಿಚಯದ ಹಕ್ಕಿ. ಬಾಸ್‌ನ ತ್ರಿಕೋನ ಮಾಡಿದ ಕೆಲಸವನ್ನೇ ಇದೂ ಮಾಡಿತು. ಆ ಕಾಲದ ಉಳಿದ ಲೇಬಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೈಸೂರು ಬ್ರೂವರೀಸಿನ ‘ನಾಕ್ ಔಟ್’ ಮೇಲೆ ಬಾಕ್ಸಿಂಗ್ ಮಾಡುವವರ ಚಿತ್ರ. ಅದರ ಉದ್ದೇಶ ಅಷ್ಟೇ ನೇರ: ಕುಡಿ, ಬೀಳು. ‘ಹೇವರ್ಡ್ಸ್ 5000’ ಎಂಬಲ್ಲಿ ಆ ಐದು ಸಾವಿರ ಏನನ್ನು ಎಣಿಸಿದ ಲೆಕ್ಕವೆಂದು ಕೇಳಿದರೆ ಯಾವ ಬಾರಿನಲ್ಲೂ ಉತ್ತರ ಸಿಗದು. ಸ್ಟ್ರಾಂಗ್ ಬೀರುಗಳೆಲ್ಲ ಗದರಿಸಿ ಮಾರಿಕೊಂಡವು, ಮಿಂಚುಳ್ಳಿ ಒಂದೇ ಬಣ್ಣ ತೋರಿಸಿ ಕರೆಯಿತು. ಹಾಗೆಂದು ಒಳಗಿನ ದ್ರವ ಬೇರೆ ಲೋಕದ್ದೇನಲ್ಲ. ಬಾರ್ಲಿಯ ಜೊತೆಗೆ ಅಕ್ಕಿಯನ್ನೋ ಸಕ್ಕರೆಯನ್ನೋ ಬೆರೆಸಿ ಹಗುರ ಮಾಡಿದ, ಕಹಿ ಕಡಿಮೆ ಇರುವ ಲಾಗರ್. ಕಣ್ಣು ಕಟ್ಟಿ ಕುಡಿಸಿದರೆ ನಮ್ಮ ದೊಡ್ಡ ಕಂಪನಿಗಳ ಲಾಗರುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲೆನೆಂದು ನಾನು ಪಣ ಕಟ್ಟಲಾರೆ. ದಕ್ಷಿಣದ ಬೀರಿನಲ್ಲಿ ರುಚಿಗಿಂತ ಚಿತ್ರವೇ ಹೆಚ್ಚು ದುಡಿದಿದೆ. ಹಾಗಿರುವಾಗ ಚಿತ್ರದ ಮೇಲೆ ನಿರ್ಬಂಧ ಬಿದ್ದರೆ ಏನಾಗಬೇಕು?

ಬಿತ್ತು. 2000ದಲ್ಲಿ ಕೇಬಲ್ ಟಿವಿ ನಿಯಮಗಳನ್ನು ತಿದ್ದಿ ಮದ್ಯದ ಜಾಹೀರಾತನ್ನು ತೆರೆಯಿಂದ ಹೊರಗಟ್ಟಿದರು. ಮಿಂಚುಳ್ಳಿಗೆ ರೆಕ್ಕೆ ನಿಜಕ್ಕೂ ಬಂದದ್ದು ಆಮೇಲೆಯೇ. ಸೋಡಾದ ಮೇಲೆ ಕೂತಿತು, ಕುಡಿಯುವ ನೀರಿನ ಬಾಟಲಿಯ ಮೇಲೆ ಕೂತಿತು. ‘ಊ ಲಲಾ ಲಲಾ ಲೇ ಓ’ ರಾಗ ಸೋಡಾದ ಹೆಸರಿನಲ್ಲಿ ಮನೆಮನೆಯ ಮಕ್ಕಳ ಬಾಯಲ್ಲಿ ಕುಣಿಯಿತು. 2003ರಲ್ಲಿ ಛಾಯಾಗ್ರಾಹಕ ಅತುಲ್ ಕಸ್ಬೇಕರ್ ಕೈಯಲ್ಲಿ ಕಿಂಗ್‌ಫಿಷರ್ ಕ್ಯಾಲೆಂಡರ್ ಹೊರಟಿತು. ಕಂಬಂನಿಂದ ಹೆಚ್ಚು ದೂರವಿಲ್ಲದ ಶಿವಕಾಶಿಯಲ್ಲಿ ದೇವರ ಕ್ಯಾಲೆಂಡರು, ಬೆಂಕಿಪೆಟ್ಟಿಗೆಯ ಲೇಬಲ್ಲು, ಪಟಾಕಿ ಡಬ್ಬಿಯ ಚಿತ್ರಗಳನ್ನು ಅಚ್ಚುಹಾಕಿ ದೇಶಕ್ಕೆಲ್ಲ ಹಂಚುವ ಒಂದು ದೊಡ್ಡ ಪರಂಪರೆಯೇ ಇದೆ. ಅಲ್ಲಿನ ಲಕ್ಷ್ಮಿ, ಮುರುಗನ್ ಕಿರಾಣಿ ಅಂಗಡಿಯ ಗೋಡೆಗೆ ಬಂದ ದಾರಿಯಲ್ಲೇ ಮಲ್ಯರ ಈಜುಡುಗೆಯ ರೂಪದರ್ಶಿಯರು ಕಚೇರಿಯ ಗೋಡೆಗೆ ಬಂದರು. ಕ್ಯಾಲೆಂಡರನ್ನು ಅಂಗಡಿಯಲ್ಲಿ ಮಾರಲಿಲ್ಲ, ಆಯ್ದವರಿಗೆ ಹಂಚಿದರು. ಸಿಗದ್ದರ ಮೇಲೆ ಆಸೆ ಹೆಚ್ಚೆಂಬುದು ಅವರಿಗೆ ಗೊತ್ತಿತ್ತು. 2005ರಲ್ಲಿ ಹಕ್ಕಿ ವಿಮಾನದ ಬಾಲಕ್ಕೂ ಹಾರಿತು. 2012ರಲ್ಲಿ ಆ ವಿಮಾನಗಳು ನೆಲಕ್ಕಿಳಿದವು. ಸಾಲದ ಆ ಪುರಾಣ ಈ ಅಂಕಣದ್ದಲ್ಲ.

2008ರಲ್ಲಿ ಬೆಂಗಳೂರಿನ ಐಪಿಎಲ್ ತಂಡಕ್ಕೆ ಮಲ್ಯರು ಇಟ್ಟ ಹೆಸರು ಅವರದೇ ಒಂದು ವಿಸ್ಕಿಯನ್ನು ನೆನಪಿಸುವಂಥದ್ದು. ಅಲ್ಲಿಂದ ‘ಈ ಸಲ ಕಪ್ ನಮ್ದೇ’ ಎಂದು ಎದೆ ಬಡಿದುಕೊಂಡ ಕೋಟಿ ಕನ್ನಡಿಗರಲ್ಲಿ ಹನಿ ಮದ್ಯ ಮುಟ್ಟದ ಅಜ್ಜಿಯರೂ ಇದ್ದರು. 2025ರಲ್ಲಿ ಕಪ್ ಬಂದೂ ಬಂತು. ಯಾವ ಹೋರ್ಡಿಂಗಿಗೆ ಇಷ್ಟು ಆಯುಷ್ಯ? ಮದ್ಯದ ಹೆಸರನ್ನು ತೆರೆಯಿಂದ ಓಡಿಸಿದ್ದಕ್ಕೆ ಅದು ಊರಿನ ಅಭಿಮಾನದೊಳಗೇ ಮನೆ ಮಾಡಿತು. ನಿಯಮ ಮಾಡಿದವರು ಇದನ್ನು ಎಣಿಸಿರಲಿಕ್ಕಿಲ್ಲ. ನನಗಂತೂ ಸೋಡಾದ ಸೋಗಿಗಿಂತ ಮಾನೆಯ ಕಟ್ಟೆಯ ಮೇಲಿನ ಬಿಚ್ಚುಮನಸ್ಸಿನ ಬೀರು ಸೀಸೆಯೇ ಮೇಲು. ಮಕ್ಕಳ ಬಾಯಿಗೆ ರಾಗ ಹತ್ತಿಸುವ ಕೆಲಸವನ್ನು ಅದು ಮಾಡಲಿಲ್ಲ.

ಈ ನಡುವೆ ಕಾರ್ಖಾನೆಗಳಿಗೆ ಏನಾಯಿತು? ಬೆಂಗಳೂರಿನ ನಡುಮಧ್ಯೆ ಬೀರು ಕಾಯಿಸುತ್ತಿದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ, ಅದರ ಮುಂದಿನ ರಸ್ತೆಗೆ ವಿಠ್ಠಲ ಮಲ್ಯರ ಹೆಸರಿದೆ. ಮೈಸೂರು ಬ್ರೂವರೀಸನ್ನು 2001ರಲ್ಲಿ ದಕ್ಷಿಣ ಆಫ್ರಿಕಾದ ಕಂಪನಿ ಕೊಂಡಿತು. ಯುನೈಟೆಡ್ ಬ್ರೂವರೀಸ್ 2021ರಲ್ಲಿ ಹಾಲೆಂಡಿನ ಹೈನೆಕೆನ್ ಹಿಡಿತಕ್ಕೆ ಹೋಯಿತು. ಆದರೂ ಬೀರು ಕಾಯಿಸುವುದು ಊರೂರಿನಲ್ಲೇ, ಅದಕ್ಕೆ ಕಾರಣ ತೆರಿಗೆ. ಒಂದು ರಾಜ್ಯದ ಬೀರು ಇನ್ನೊಂದು ರಾಜ್ಯದ ಗಡಿ ದಾಟಿದರೆ ಸುಂಕ ತಲೆಯ ಮೇಲೆ ಕೂರುತ್ತದೆ. ಹಾಗಾಗಿ ನಂಜನಗೂಡಿನ ಮಿಂಚುಳ್ಳಿ ಬೇರೆ, ಚೆನ್ನೈ ಬಳಿಯ ಮಿಂಚುಳ್ಳಿ ಬೇರೆ. ನೀರು ಬೇರೆ, ಕಾಯಿಸಿದ ಕೈ ಬೇರೆ, ಚಿತ್ರ ಮಾತ್ರ ಒಂದೇ.

ಕಂಬಂನಲ್ಲಿ ಕೊಂಡ ಮಿಂಚುಳ್ಳಿ ಸೀಸೆಯನ್ನು ತಂಗಿದ್ದ ಕೋಣೆಯ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದೆ. ಭುಜದ ಸುತ್ತ ಬಿಳಿ ಬಳೆಯಂತೆ ಗೀರು. ಮತ್ತೆ ಮತ್ತೆ ಕಾರ್ಖಾನೆಗೆ ಮರಳಿ, ತೊಳೆಸಿಕೊಂಡು, ಸಾಲಿನಲ್ಲಿ ಅಕ್ಕಪಕ್ಕದ ಸೀಸೆಗಳಿಗೆ ಉಜ್ಜಿಕೊಂಡು ಬಂದ ಗುರುತು ಅದು. ಲೇಬಲ್ಲಿನ ಅಂಚು ಬೆವರಿಗೆ ತುಸು ಸುಕ್ಕಾಗಿತ್ತು, ಬಿಟ್ಟಿರಲಿಲ್ಲ. ಈ ಗೋಂದಿನದು ವಿಚಿತ್ರ ಕಸುಬು: ಐಸ್ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿದರೂ ಬಿಡಬಾರದು, ಕಾರ್ಖಾನೆಯ ಬಿಸಿ ಕಾಸ್ಟಿಕ್ ಸೋಡಾ ನೀರು ತಾಗಿದೊಡನೆ ಬಿಟ್ಟುಕೊಡಬೇಕು. ಗಾಜು ಕಂದು ಇರುವುದೂ ಅಂದಕ್ಕಲ್ಲ. ಹಾಪ್ಸಿನ ಕಹಿಗೆ ಬೆಳಕು ತಾಗಿದರೆ ಬೀರು ನಾರುತ್ತದೆ, ಕಂದು ಗಾಜು ಅದನ್ನು ತಡೆಯುತ್ತದೆ. ಹಸಿರು ಗಾಜಿನ ವಿದೇಶಿ ಸೀಸೆಗಳನ್ನು ಬಿಸಿಲಲ್ಲಿ ಪ್ರದರ್ಶನಕ್ಕಿಟ್ಟ ಅಂಗಡಿಗಳಿಂದ ದೂರವಿರಿ. ಲೇಬಲ್ಲಿನ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಕಾರ್ಖಾನೆಯ ವಿಳಾಸ, ತಮಿಳುನಾಡಿನಲ್ಲಿ ಮಾತ್ರ ಮಾರಾಟಕ್ಕೆ ಎಂಬ ಒಕ್ಕಣೆ. ಘಟ್ಟ ಹತ್ತಿ ಕುಮಿಳಿ ತಲುಪಿದರೆ ಇದೇ ಹಕ್ಕಿ ಇದೇ ಬಣ್ಣದಲ್ಲಿ ಕೇರಳದ್ದಾಗಿರುತ್ತದೆ.

ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಬಂದ ಮೇಲೆ ಪಂದ್ಯ ಸ್ವಲ್ಪ ಬದಲಾಗಿದೆ. 2010ರ ಸುಮಾರಿಗೆ ನಿಯಮ ಬಂದು, 2011ರಲ್ಲಿ ಬಿಯರ್ ಕ್ಲಬ್, ಅದರ ಬೆನ್ನಿಗೆ ಟಾಯ್ಟ್, ಆರ್ಬರ್ ಎಲ್ಲ ಶುರುವಾದವು. ಕಣ್ಣೆದುರಿನ ಟ್ಯಾಂಕಿನಿಂದ ನೇರ ಲೋಟಕ್ಕೆ ಬರುವ ಬೀರಿಗೆ ಲೇಬಲ್ಲಿನ ಹಂಗಿಲ್ಲ, ನಾಲಿಗೆ ಮೊದಲು ಮಾತಾಡುತ್ತದೆ. ಬಾಸುಮತಿ ಹಾಕಿ ಕಾಯಿಸಿದ ಟಾಯ್ಟಿನ ಬ್ಲಾಂಡ್ ಕುಡಿದವರಿಗೆ ಅಕ್ಕಿ ಬೀರಿಗೆ ಅಗ್ಗದ ಬೆರಕೆ ಮಾತ್ರವಲ್ಲ, ಪರಿಮಳವೂ ಆಗಬಲ್ಲುದೆಂದು ತಿಳಿದಿದೆ. ಈಗ ಇಂಥವರ ಬೀರು ಡಬ್ಬಿಯಲ್ಲಿ ಹೊರಗೂ ಬರುತ್ತಿದೆ, ಡಬ್ಬಿಯ ಮೇಲೆ ಆನೆ, ತೆಂಗಿನಮರ, ಊರಿನ ಬೀದಿಗಳ ಚಿತ್ರ. ಕೆಲವಂತೂ ಚಂದವೋ ಚಂದ. ಬರೆದವರ ಹೆಸರನ್ನು ಒಂದು ಮೂಲೆಯಲ್ಲಾದರೂ ಹಾಕುವ ಕಂಪನಿಗೆ ನನ್ನ ಮೊದಲ ಲೋಟ ಮೀಸಲು.

ಬೀರು ಕೊಳ್ಳುವಾಗ ಹಕ್ಕಿ, ಆನೆ ಎಲ್ಲ ನೋಡಿಯಾದ ಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ಯಂತ್ರದ ಮಸಿಯಲ್ಲಿ ಒತ್ತಿದ ತಯಾರಿಕೆಯ ದಿನಾಂಕ ಹುಡುಕಿ. ನಮ್ಮ ಲಾಗರುಗಳಿಗೆ ಸಾಮಾನ್ಯವಾಗಿ ಆರು ತಿಂಗಳ ವಾಯಿದೆ. ಮೊದಲ ಎರಡರೊಳಗಿನದು ಸಿಕ್ಕರೆ ಬ್ರ್ಯಾಂಡ್ ಯಾವುದಾದರೂ ಕೊಳ್ಳಿ. ನಾಲ್ಕು ದಾಟಿದ್ದರೆ, ಎಷ್ಟೇ ಕೂಲಿಂಗ್ ಇದ್ದರೂ, ಕೌಂಟರಿನವನ ಕೈಗೆ ಮರಳಿ ಕೊಟ್ಟು ಹಿಂದಿನ ಕ್ರೇಟಿನದು ಕೇಳಿ. ಗೊಣಗುತ್ತಾನೆ, ಕೊಡುತ್ತಾನೆ.