ಬಾಗಿಲ ಮುಂದಿನ ಗುಂಡು ಗಿಡ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳಲ್ಲಿ ಈಚೆಗೆ ಎದ್ದ ಮನೆಗಳ ಮುಂದೆ ನಿಂತರೆ ಗೇಟಿನ ಎರಡೂ ಬದಿ ಎರಡು ಕುಂಡ ಕಾಣುತ್ತವೆ. ಕುಂಡದಲ್ಲಿ ಚೆಂಡಿನ ಹಾಗೆ ಕತ್ತರಿಸಿದ ಗಿಡ. ನರ್ಸರಿಯವರು ಇದನ್ನು ಬಾಲ್ ಗಿಡ ಅನ್ನುತ್ತಾರೆ, ತೋಟಗಾರಿಕೆ ಓದಿದವರು ಟೋಪಿಯರಿ ಅನ್ನುತ್ತಾರೆ. ಒಂದರ ಮೇಲೊಂದು ಮೂರು ಚೆಂಡು ಇರುವುದುಂಟು, ಸುರುಳಿ ಸುತ್ತಿದ್ದುಂಟು, ಗೋಪುರದಂತೆ ಚೂಪಾದದ್ದೂ ಉಂಟು. ಇದನ್ನು ಸಾಕಲಾಗದವರು ಅದೇ ಆಕಾರದ ಪ್ಲಾಸ್ಟಿಕ್ ಗಿಡ ತಂದು ಹಾಲಿನಲ್ಲಿ ಟಿವಿಯ ಪಕ್ಕ ಇಡುತ್ತಾರೆ.

ಇವೆರಡರ ಬಗ್ಗೆ ಊರಿನ ತೀರ್ಪು ಬಹಳ ಹಿಂದೆಯೇ ಆಗಿಹೋಗಿದೆ. ಜೀವ ಇರುವ ಗಿಡ ಇಟ್ಟವರು ಅಭಿರುಚಿಯವರು, ಪರಿಸರ ಬಲ್ಲವರು. ಪ್ಲಾಸ್ಟಿಕ್ ಇಟ್ಟವರು ತೋರಿಕೆಯವರು, ಸೋಮಾರಿಗಳು. ವಾಸ್ತು ಹೇಳುವವರೂ ಇದಕ್ಕೆ ದನಿಗೂಡಿಸುತ್ತಾರೆ, ಗೃಹಪ್ರವೇಶಕ್ಕೆ ಬಂದ ಬೀಗರೂ ಹೇಳಿ ಹೋಗುತ್ತಾರೆ. ನಾನು ಈ ತೀರ್ಪನ್ನು ಒಪ್ಪುವುದಿಲ್ಲ. ಗಿಡ ನಿಜವೋ ನಕಲಿಯೋ ಎಂದು ಕೇಳುವುದಕ್ಕೆ ಮೊದಲು, ಆ ಗುಂಡು ಆಕಾರದ ಖರ್ಚು ಯಾರ ಮೇಲೆ ಬೀಳುತ್ತದೆ, ಅದರಿಂದ ಮನೆಗೆ ಏನು ಬರುತ್ತದೆ ಎಂದು ಕೇಳಬೇಕು. ನಮ್ಮ ಬಿಸಿಲಿನಲ್ಲಿ, ನಮ್ಮ ನೀರಿನಲ್ಲಿ ಬದುಕುವವರು ಬೇರೆ ಯಾವ ಅಳತೆಯನ್ನೂ ಹಿಡಿಯಬಾರದು.

ನಾನೂ ಆ ತೀರ್ಪನ್ನು ನಂಬಿದ್ದವಳೇ. ಲಿಂಗಸುಗೂರಿನಲ್ಲಿ ಮನೆ ಕಟ್ಟಿಸಿದಾಗ ಎರಡು ಫೈಕಸ್ ಚೆಂಡು ತಂದೆ. ತಂದದ್ದು ಮಾಘದಲ್ಲಿ, ಇನ್ನೂ ತಂಪಿತ್ತು. ಎಲೆಗಳು ಎಣ್ಣೆ ಒರೆಸಿದಂತೆ ಹೊಳೆಯುತ್ತಿದ್ದವು. ಕೊಟ್ಟ ಹುಡುಗ, "ಏನ್ ಆಗಲ್ರಿ ಅಕ್ಕಾರ, ಎರಡ್ ದಿನಕ್ಕೊಮ್ಮಿ ನೀರ್ ಹಾಕ್ರಿ, ಸಾಕು" ಅಂದ. ಯುಗಾದಿಯ ಹೊತ್ತಿಗೆ ಬಿಸಿಲಿಗೆ ಮುಖ ಮಾಡಿದ ಬದಿಯ ಎಲೆಗಳು ಅಂಚಿನಿಂದ ಕಂದಲು ಶುರುವಾದವು. ಸಿಮೆಂಟ್ ಕುಂಡವನ್ನು ಮಧ್ಯಾಹ್ನ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು, ಗಿಡದ ಬೇರೆಲ್ಲ ಇದ್ದದ್ದು ಆ ಕುಂಡದೊಳಗೇ. ಎರಡು ದಿನಕ್ಕೊಮ್ಮೆಯ ನೀರು ದಿನಕ್ಕೊಮ್ಮೆ ಆಯಿತು, ಆಮೇಲೆ ಬೆಳಿಗ್ಗೆ ಅರ್ಧ ಕೊಡ, ಸಂಜೆ ಅರ್ಧ ಕೊಡ. 15 ಲೀಟರಿನ ಕೊಡ, ಮೂರು ತಿಂಗಳ ಬೇಸಿಗೆ. ಲೆಕ್ಕ ಹಾಕಿದರೆ 1350 ಲೀಟರ್ ನೀರು, ಅದೂ ನಳ ಮೂರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ. ಹೊತ್ತು ಹಾಕಿದವಳು ನಮ್ಮವ್ವ. ಒಂದು ಸಂಜೆ ಕೊಡ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ನೆಳ್ಳ ಕೊಡಂಗಿಲ್ಲ, ಹೂವ ಬಿಡಂಗಿಲ್ಲ, ಯಾರಿಗಿ ಬೇಕವ್ವ ಇದು?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇ ತಿಂಗಳ ಕೊನೆಗೆ ಒಂದು ಗಿಡ ಪೂರ್ತಿ ಒಣಗಿತು. ಇನ್ನೊಂದು ಬೋಳು ಕಡ್ಡಿಗಳ ಗೂಡಾಗಿ ನಿಂತಿತು.

ತಪ್ಪು ಗಿಡದ್ದಲ್ಲ. ಇಂಥ ಗಿಡಗಳು ಹೆಚ್ಚಾಗಿ ಬರುವುದು ಆಂಧ್ರದ ಗೋದಾವರಿ ಸೀಮೆಯ ಕಡಿಯಂ ನರ್ಸರಿಗಳಿಂದ. ಅಲ್ಲಿನ ಗಾಳಿಯಲ್ಲೇ ನೀರಿನ ಪಸೆ ಇದೆ. ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು ಲಾರಿಯಲ್ಲಿ ತಂದು ರಾಯಚೂರು ಜಿಲ್ಲೆಯ 40 ಡಿಗ್ರಿ ದಾಟುವ ಬಿಸಿಲಿಗೆ ನಿಲ್ಲಿಸುತ್ತೇವೆ. ಫೈಕಸ್ ಜಾಗ ಬದಲಾದರೆ ಸಾಕು ಎಲೆ ಉದುರಿಸುವ ಜಾತಿ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಎಲೆ ಉದುರಿಸಿ ಬೇಸಿಗೆ ದಾಟುವುದು ಈ ಸೀಮೆಯ ಎಷ್ಟೋ ಮರಗಳು ಕಲಿತ ಜಾಣತನ. ನಮ್ಮ ಬೇವು ಹಳೆ ಎಲೆಯನ್ನೆಲ್ಲ ಕಳಚಿಟ್ಟು ಯುಗಾದಿಗೆ ಕೆಂಚಿಗುರು ಬಿಡುತ್ತದೆ. ಗುಂಡು ಗಿಡಕ್ಕೆ ನಾವು ಆ ಅವಕಾಶವನ್ನೇ ಕೊಡುವುದಿಲ್ಲ. ಹನ್ನೆರಡು ತಿಂಗಳೂ ಮೈತುಂಬ ಎಲೆ ಇರಬೇಕು. ಕತ್ತರಿ ತಾಗಿದಾಗಲೆಲ್ಲ ಹೊಸ ಚಿಗುರು ಬರಬೇಕು. ಪ್ರತಿ ಚಿಗುರಿಗೂ ನೀರು ಬೇಕು.

ಈ ಆಕಾರದ ಮೋಹ ನಮಗೆ ಎಲ್ಲಿಂದ ಬಂತು ಎಂದು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಗಿಡ ಕತ್ತರಿಸಿ ರೂಪ ಕೊಡುವ ಕಲೆಯನ್ನು ರೋಮನ್ನರಲ್ಲಿ ಮೊದಲು ಮಾಡಿದವನು ಗಾಯಸ್ ಮಾಟಿಯಸ್, ಚಕ್ರವರ್ತಿ ಆಗಸ್ಟಸನ ಗೆಳೆಯ, ಎಂದು ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿಟ್ಟಿದ್ದಾನೆ. ಅಲ್ಲಿ ಕತ್ತರಿ ಹಿಡಿದ ತೋಟದಾಳುಗಳಲ್ಲಿ ಬಹುಪಾಲು ಮಂದಿ ಗುಲಾಮರು. ಇಂಗ್ಲೆಂಡಿನಲ್ಲಿ ಈ ಹುಚ್ಚು ಏರಿದಾಗ ಕವಿ ಅಲೆಕ್ಸಾಂಡರ್ ಪೋಪ್ 1713ರಲ್ಲೇ ಇದನ್ನು ಲೇವಡಿ ಮಾಡಿ ಲೇಖನ ಬರೆದ. ನಮ್ಮವರು ಕಣ್ತುಂಬ ನೋಡಿದ್ದು ಮುಂಬೈಯ ಹ್ಯಾಂಗಿಂಗ್ ಗಾರ್ಡನ್ನಿನ ಆನೆ, ಜಿರಾಫೆಗಳನ್ನು, ಲಾಲ್‌ಬಾಗನ್ನು, ಅದಕ್ಕಿಂತ ಹೆಚ್ಚಾಗಿ ಕೃಷ್ಣರಾಜಸಾಗರದ ಬೃಂದಾವನವನ್ನು. ಶಾಲೆಯ ಪ್ರವಾಸದಲ್ಲಿ ಹೋದಾಗ ಅಲ್ಲಿ ಸಾಲಾಗಿ ನಿಂತ ಚೂಪು ಗಿಡಗಳನ್ನು ನೋಡಿ ನಾನು ಬೆರಗಾಗಿದ್ದೆ, ಆ ಬೆರಗು ಈಗಲೂ ಸುಳ್ಳಲ್ಲ. ವರ್ಷಗಟ್ಟಲೆ ಒಂದೇ ಗಿಡದ ಸುತ್ತ ತಿರುಗಿ ರೂಪ ಕೊಡುವ ಮಾಲಿಯ ಕಣ್ಣು, ಕೈ ದೊಡ್ಡವು. ಆದರೆ ಬೃಂದಾವನದ ಗಿಡದ ಬೆನ್ನಿಗೆ ಒಂದು ಅಣೆಕಟ್ಟೇ ಇದೆ. ನಮ್ಮ ಬೆನ್ನಿಗೂ ತುಂಗಭದ್ರೆ ಇದೆ ಅನ್ನಬಹುದು. ಎಡದಂಡೆ ಕಾಲುವೆ ಬಂದ ಮೇಲೆಯೇ ಅಲ್ಲವೇ ಸಿಂಧನೂರು ಭತ್ತದ ಊರಾದದ್ದು. ಆದರೆ ಆ ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟದೆ ವರ್ಷ ವರ್ಷ ಜಗಳ ನಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆಯವರಿಗೆ ನಿದ್ದೆ ಹತ್ತಲಿಲ್ಲ. ಅಂಥ ಸೀಮೆಯ ಕುಡಿಯುವ ನೀರನ್ನು ಗೇಟಿನ ಮುಂದಿನ ಚೆಂಡಿಗೆ ಸುರಿಯುವುದನ್ನು ಪರಿಸರಪ್ರೇಮ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಜೀವಂತ ಗಿಡದ ಪರವಾಗಿ ಇನ್ನೊಂದು ಮಾತು ಬರುತ್ತದೆ, ಮನೆಯೊಳಗಿಟ್ಟರೆ ಗಾಳಿ ಶುದ್ಧವಾಗುತ್ತದೆ ಎಂದು. ಅಮೆರಿಕದ ನಾಸಾ 1989ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದರ ಮೂಲ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಅಮೆರಿಕದ ಇಬ್ಬರು ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದರು. ಕಿಟಕಿ ಬಾಗಿಲಿಂದ ಗಾಳಿ ಆಡುವಷ್ಟೇ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದೊಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾಗುತ್ತವೆ. ಸೋಫಾ ಪಕ್ಕದ ಒಂದು ಕುಂಡದಿಂದ ಗಾಳಿಗೆ ಆಗುವುದು ಏನೂ ಇಲ್ಲ. ಕಿಟಕಿ ತೆಗೆದಿಟ್ಟರೆ ಸಾಕು.

ಹಾಗಾದರೆ ಪ್ಲಾಸ್ಟಿಕ್ಕೇ ಸರಿಯೋ? ಅದಕ್ಕೂ ನನ್ನದು ಷರತ್ತಿನ ಉತ್ತರ. ಸಿಂಧನೂರಿನಲ್ಲಿ ನನ್ನ ತಂಗಿ ಬಾಡಿಗೆ ಮನೆಯಲ್ಲಿದ್ದಾಳೆ. ಇರುವ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಮಾಳಿಗೆಯ ಮೇಲೆ ಕುಂಡ ಇಡಬೇಡಿ, ಸೋರುತ್ತದೆ ಎಂದು ಮನೆ ಮಾಲಕರ ಕಟ್ಟಪ್ಪಣೆ. ಅವಳಿಗೆ ರಾತ್ರಿ ಪಾಳಿಯ ಕೆಲಸ. ಅವಳು ಗೋಡೆಯ ಮೂಲೆಯಲ್ಲಿ ಒಂದು ಹಸಿರು ಚೆಂಡು ತೂಗುಹಾಕಿದ್ದಾಳೆ. ಸುಗ್ಗಿಯಲ್ಲಿ ಭತ್ತದ ಧೂಳು, ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಮನೆಯೊಳಗೆ ಬಂದು ಕೂರುತ್ತವೆ. ರವಿವಾರ ಆ ಚೆಂಡನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದು, ಪಾತ್ರೆಯಂತೆ ಕೊಡವಿ, ಮತ್ತೆ ತೂಗುಹಾಕುತ್ತಾಳೆ. ನಾಲ್ಕು ವರ್ಷದಿಂದ ಅದೇ ಇದೆ. ಕಣ್ಣಿಗೆ ಇಷ್ಟು ಹಸಿರು ಬೇಕು ಅನ್ನುವುದು ಅವಳ ನ್ಯಾಯವಾದ ಆಸೆ. ಅವಳನ್ನು ಯಾರಾದರೂ ಹೀಗಳೆದರೆ ನನಗೆ ಸಿಟ್ಟು ಬರುತ್ತದೆ.

ಅದೇ ಚೆಂಡನ್ನು ಹೊರಗೆ ಬಿಸಿಲಿಗೆ ತೂಗಿದರೆ ಮಾತ್ರ ಕಥೆ ಬೇರೆ. ಹಸಿರಿನಲ್ಲಿ ಬೆರೆತ ಹಳದಿ ಮೊದಲು ಹಾರಿ ಎಲೆ ನೀಲಿಗೆ ತಿರುಗುತ್ತದೆ. ಆಮೇಲೆ ಬೆರಳಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ಚೂರುಗಳು ಗಾಳಿಗೆ ಹಾರಿ ಚರಂಡಿ ಸೇರುತ್ತವೆ, ಅಲ್ಲಿಂದ ಹೊಲಕ್ಕೆ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾದ ಒಂದೇ ಸಲ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್ ಇದೆ, ಪ್ಲಾಸ್ಟಿಕ್ ಎಲೆ ಹೂವು ಇಲ್ಲ. ಕಲ್ಯಾಣಮಂಟಪಗಳಲ್ಲಿ ಒಂದು ಸೀಜನ್ನಿಗೆ ಕಟ್ಟಿ ಕಿತ್ತೆಸೆಯುವ ಪ್ಲಾಸ್ಟಿಕ್ ಹಸಿರಿಗೂ ತಂಗಿಯ ಮನೆಯ ಚೆಂಡಿಗೂ ವ್ಯತ್ಯಾಸವಿದೆ, ಕಾನೂನು ಬರುವುದಾದರೆ ಮೊದಲಿನದಕ್ಕೆ ಬರಬೇಕು.

ಇನ್ನು ನಿಜ, ನಕಲಿ ಎಂಬ ಗೆರೆ. ಆಂಧ್ರದವರು ಭತ್ತದ ತೆನೆಗಳನ್ನು ಹೆಣೆದು ಕುಚ್ಚು ಮಾಡಿ ಗುಬ್ಬಿಗಾಗಿ ಮನೆ ಮುಂದೆ ತೂಗುತ್ತಾರೆ. ಸಿಂಧನೂರಿನ ಸುತ್ತ ಅವರು ಬಂದು ನೆಲೆಸಿದ ಕ್ಯಾಂಪುಗಳಲ್ಲೂ ಒಂದೆರಡು ಮನೆಯಲ್ಲಿ ನೋಡಿದ್ದೇನೆ. ಒಂದು ಮೊಳ ಉದ್ದ, ಮೇಲೆ ಜಡೆಯಂತೆ ಹೆಣಿಗೆ, ಕೆಳಗೆ ಕಾಳು ತುಂಬಿ ಜೋತ ತೆನೆಗಳು. ಅದು ಬೇರು ಕಳೆದುಕೊಂಡ ಪೈರು, ಆದರೂ ನಕಲಿಯಲ್ಲ. ಮದುವೆಯಲ್ಲಿ ಕಟ್ಟುವ ಬೆಂಡಿನ ಬಾಸಿಂಗದಲ್ಲಿ ಹೂವು ನಿಜದ ಹೂವಲ್ಲ, ಆದರೆ ಅದಿಲ್ಲದೆ ಮದುವೆ ನಡೆಯುವುದಿಲ್ಲ. ನಮ್ಮವ್ವ ಮಣಿ ಪೋಣಿಸಿ ಮಾಡಿದ ಬಾಗಿಲ ತೋರಣದಲ್ಲಿ ಮಾವಿನೆಲೆಗಳೆಲ್ಲ ಗಾಜಿನವು, ನಡುವಿನ ಗಿಳಿಯೂ ಗಾಜಿನದೇ. ಮೂವತ್ತು ವರ್ಷದಿಂದ ಹಬ್ಬಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುತ್ತದೆ. ನಮ್ಮ ಹೆಂಗಸರು ಕೃತಕ ಹಸಿರನ್ನು ಎಂದೂ ಹಳಿದವರಲ್ಲ, ತಮ್ಮ ಕೈಯಿಂದಲೇ ಮಾಡಿಕೊಂಡವರು.

ಮಸ್ಕಿಗೆ ಹೋದಾಗಲೆಲ್ಲ ನನಗೆ ನೆನಪಾಗುವುದು ಒಂದು ಸಂಗತಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಅಲ್ಲಿನ ಬಂಡೆ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕಿತು. ಅದರಿಂದಲೇ ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಂದರೆ ಅಶೋಕ ಎಂಬುದು ಖಚಿತವಾಯಿತು. ಮಸ್ಕಿಯ ಶಾಸನದಲ್ಲಿ ಗಿಡಮರದ ಮಾತಿಲ್ಲ. ಆದರೆ ಅದೇ ಅರಸ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರ ನೆಡಿಸಿದೆ ಎಂದು ಹೇಳಿಕೊಂಡಿದ್ದಾನೆ. ಆಲವೂ ನಮ್ಮ ಗೇಟಿನ ಮುಂದಿನ ಫೈಕಸ್ಸೂ ಒಂದೇ ಕುಲದವು. ಒಂದರ ಕೆಳಗೆ ದಾರಿಹೋಕರು, ದನಕರುಗಳು ನಿಂತರು. ಇನ್ನೊಂದರ ಕೆಳಗೆ ಕೋಳಿಮರಿಗೂ ನೆರಳು ಸಿಗದಂತೆ ನಾವು ಕತ್ತರಿಸುತ್ತೇವೆ.

ಮಸ್ಕಿಯ ಶಾಸನವಿರುವ ಗುಡ್ಡದ ಬುಡದಲ್ಲೇ ಇನ್ನೊಂದು ನೋಟವೂ ಸಿಗುತ್ತದೆ. ಬಾರಿ ಗಿಡಗಳನ್ನು ಆಡುಗಳು ಮೇದು ಮೇದು ಯಾವ ಮಾಲಿಗೂ ಕಡಿಮೆಯಿಲ್ಲದಂತೆ ಗುಂಡಗೆ ಮಾಡಿವೆ. ಜಾಲಿ ಮರದ ಕೆಳಗಿನ ಅಂಚು, ಆಡು ಹಿಂಗಾಲ ಮೇಲೆ ನಿಂತರೆ ಬಾಯಿ ಎಷ್ಟು ಎತ್ತರಕ್ಕೆ ಎಟಕುತ್ತದೋ ಅಷ್ಟಕ್ಕೆ, ದಾರ ಹಿಡಿದು ಕತ್ತರಿಸಿದಂತೆ ಸಮನಾಗಿದೆ. ಮನೆಯ ಹಿತ್ತಲಿನ ಕರಿಬೇವನ್ನೂ ನೋಡಿ. ದಿನಾ ಒಗ್ಗರಣೆಗೆ ಚಿವುಟಿ ಚಿವುಟಿ ಕೈಗೆ ಎಟಕುವವರೆಗೆ ಗಿಡ ದಟ್ಟವಾಗಿ ದುಂಡಗಿರುತ್ತದೆ, ಅದರ ಮೇಲೆ ಉದ್ದ ಕಡ್ಡಿಗಳು. ಈ ಆಕಾರಗಳಿಗಾಗಿ ಯಾರೂ ಒಂದು ಕೊಡ ನೀರು ಹೊರಲಿಲ್ಲ. ಕತ್ತರಿಸಿದ್ದೇ ಅಲ್ಲಿ ಬೆಳೆ, ಉಳಿದದ್ದು ರೂಪ.

ಮನೆ ಮುಂದೆ ಕತ್ತರಿಸಿದ ಗಿಡವೇ ಬೇಕು ಅನ್ನುವವರಿಗೆ ನನ್ನ ಉತ್ತರ ಮದರಂಗಿ, ಕೆಲವರು ಗೋರಂಟಿ ಅನ್ನುವ ಗಿಡ. ರಾಜಸ್ಥಾನದ ಪಾಲಿ ಜಿಲ್ಲೆಯಲ್ಲಿ ನಮಗಿಂತ ಕಡಿಮೆ ಮಳೆ. ಆದರೂ ಅಲ್ಲಿನ ಸೋಜತ್ ಊರಿನ ಮದರಂಗಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕುಂಡದಲ್ಲಲ್ಲ, ನೆಲದಲ್ಲಿ ನೆಡಬೇಕು. ಮೊದಲ ವರ್ಷ ನೀರು ಕೊಟ್ಟು ಬೇರೂರಿಸಿದರೆ ಆಮೇಲೆ ಬೇಸಿಗೆಗೆ ಹೆದರುವುದಿಲ್ಲ. ಎಷ್ಟು ಕತ್ತರಿಸಿದರೂ ಮತ್ತೆ ದಟ್ಟವಾಗುತ್ತದೆ, ಬಿಟ್ಟರೆ ಸಣ್ಣ ಹೂಗೊಂಚಲು ಬಿಟ್ಟು ಸಂಜೆ ಓಣಿಯೆಲ್ಲ ಪರಿಮಳ. ಫೈಕಸ್ಸಿನಷ್ಟು ನುಣುಪಾದ ಚೆಂಡು ಇದರಿಂದ ಆಗುವುದಿಲ್ಲ, ಮಳೆಗಾಲದಲ್ಲಿ ಎರಡು ಮೂರು ವಾರಕ್ಕೇ ಕೆದರಿಕೊಳ್ಳುತ್ತದೆ, ಹಳೆ ಕಡ್ಡಿಗಳಲ್ಲಿ ಮುಳ್ಳಿರುತ್ತವೆ. ಇವೆಲ್ಲ ನಿಜ. ಮನೆ ಮುಂದೆ ಮದರಂಗಿ ಇದ್ದರೆ ಪೀಡೆ ಎಂದು ಹೇಳಿದವರೂ ಇದ್ದಾರೆ. ನಾನು ಕೇಳಲಿಲ್ಲ.

ಆ ಎರಡು ಕುಂಡ ತೆಗೆದು, ಕಂಪೌಂಡಿನ ಉದ್ದಕ್ಕೂ ಮದರಂಗಿ ಕಡ್ಡಿ ನೆಟ್ಟು ಐದು ವರ್ಷವಾಯಿತು. ಸೊಂಟದೆತ್ತರಕ್ಕೆ ಸಮ ಮಾಡಿದ್ದೇನೆ, ಗೇಟಿನ ಎರಡೂ ಕಡೆ ಮಾತ್ರ ಗುಂಡಗೆ ಬಿಟ್ಟಿದ್ದೇನೆ. ಕತ್ತರಿ ಹಿಡಿಯುವವಳು ನಾನು, ಬಿದ್ದ ಎಲೆ ಆರಿಸಿ ನೆರಳಲ್ಲಿ ಒಣಗಿಸುವವಳು ಅವ್ವ. ಈ ಸಲ ಪಂಚಮಿಗೆ ಎರಡು ದಿನ ಮುಂಚೆ ಓಣಿಯ ಹುಡುಗಿಯರು ಲಂಗದ ಮಡಿಲು ಚಾಚಿಕೊಂಡು ಬಂದರು. ಅವರು ಹೋದ ಮೇಲೆ ನೋಡಿದರೆ ಬಲಗಡೆಯ ಗುಂಡಿನಲ್ಲಿ, ಏಳೆಂಟು ವರ್ಷದ ಮಗುವಿನ ಕೈ ಎಟಕುವ ಎತ್ತರಕ್ಕೆ, ಒಂದು ಗೇಣು ತಗ್ಗು ಬಿದ್ದಿತ್ತು.