ನೀರುಗಂಟಿಗೆ ಕಲಿಸದ ಪಾಠ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಸೀಮೆಗಳಲ್ಲಿ ಕೊಳವೆಬಾವಿಗಳು ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ, ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿದ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಹಲವೆಡೆ ದಾಟಿದ್ದರಿಂದ, ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳು ಹಳ್ಳಿಗಳಿಗೆ ಬಂದವು. ಘಟಕಗಳ ಸಂಖ್ಯೆಯ ಬಗ್ಗೆ ನಡೆದಷ್ಟು ಚರ್ಚೆ ಅವುಗಳನ್ನು ನಡೆಸುವ ನೀರುಗಂಟಿಗಳ ತರಬೇತಿಯ ಬಗ್ಗೆ ನಡೆದಿಲ್ಲ.

ಈ ತರಬೇತಿ ಸಾಮಾನ್ಯವಾಗಿ ಘಟಕವನ್ನು ಹಸ್ತಾಂತರಿಸುವಾಗ ಕಂಪನಿಯ ತಂತ್ರಜ್ಞರು ನೀಡುವ ಪ್ರಾತ್ಯಕ್ಷಿಕೆಗೆ ಸೀಮಿತವಾಗಿದ್ದು, ಯಾವ ಸ್ವಿಚ್ಚು ಮೊದಲು, ಯಾವ ವಾಲ್ವು ನಂತರ ಎಂಬ ಕ್ರಮವನ್ನು ಕಲಿಸಿ, ಆ ಕ್ರಮದ ಕಾರಣವನ್ನು ಕೈಬಿಡುತ್ತದೆ. ಘಟಕದೊಳಗೆ ಮರಳಿನ ಫಿಲ್ಟರ್ ಕೆಸರನ್ನೂ ಇದ್ದಿಲಿನ ಫಿಲ್ಟರ್ ಕ್ಲೋರಿನ್ನನ್ನೂ ತಡೆದ ಮೇಲೆಯೇ ನೀರು ಮೆಂಬ್ರೇನನ್ನು, ಅಂದರೆ ಕರಗಿದ ಲವಣಗಳನ್ನು ಹಿಂದೆ ಉಳಿಸಿ ನೀರನ್ನು ದಾಟಿಸುವ ತೆಳುಪದರವನ್ನು, ಸೇರಬೇಕು. ಇದ್ದಿಲಿನ ಶಕ್ತಿ ಮುಗಿದಿದ್ದರೆ, ಪಂಚಾಯಿತಿಯ ಟ್ಯಾಂಕಿಗೆ ಸದುದ್ದೇಶದಿಂದಲೇ ಹಾಕಿದ ಕ್ಲೋರಿನ್ ಮೆಂಬ್ರೇನನ್ನು ತಲುಪಿ ಅದನ್ನು ಹಾಳುಮಾಡುತ್ತದೆ. ಈ ಸಂಬಂಧ ತಿಳಿಯದ ನೀರುಗಂಟಿಗೆ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವ ಕೆಲಸ, ನೀರು ಪೋಲು ಮಾಡುವ ಶಾಸ್ತ್ರವಾಗಿ ಕಂಡರೆ ಅದು ಅವನ ತಪ್ಪಲ್ಲ. ಫಿಲ್ಟರಿನ ಎರಡು ಬದಿಯ ಒತ್ತಡಮಾಪಕಗಳ ಅಂತರ ಹಿಗ್ಗುವುದು ಕಟ್ಟಿಕೊಳ್ಳುವಿಕೆಯ ಮುನ್ಸೂಚನೆಯೆಂಬುದನ್ನು ಹೇಳಿಕೊಡದಿದ್ದಾಗ ದಾಖಲೆ ಪುಸ್ತಕದಲ್ಲಿ ದಿನವೂ ಒಂದೇ ಅಂಕಿ ಕಾಣಿಸಿಕೊಳ್ಳುವುದೂ ಸಹಜವೇ.

ನೀರಿನ ಶುದ್ಧತೆಯನ್ನು ಅಳೆಯಲು ಟಿಡಿಎಸ್ ಮೀಟರಿನ ಮೇಲೆ ಇಟ್ಟಿರುವ ಅತಿಯಾದ ನಂಬಿಕೆ ಇದಕ್ಕಿಂತ ಗಂಭೀರವಾದದ್ದು. ಆ ಮೀಟರ್ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ತೋರಿಸುತ್ತದೆಯೇ ಹೊರತು ಫ್ಲೋರೈಡನ್ನು ಪ್ರತ್ಯೇಕಿಸಿ ಹೇಳುವುದಿಲ್ಲ, ತೊಳೆಯದ ಕ್ಯಾನಿನಲ್ಲಿ ಬೆಳೆದ ರೋಗಾಣುಗಳನ್ನಂತೂ ಗುರುತಿಸಲಾರದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ಕಲಿಸುವ ವ್ಯವಸ್ಥೆಯನ್ನು ರೂಪಿಸಿದ್ದು ಮೆಚ್ಚತಕ್ಕ ಹೆಜ್ಜೆ. ಆದರೆ ಪರೀಕ್ಷಿಸುವವರನ್ನೂ ಘಟಕ ನಡೆಸುವವರನ್ನೂ ಒಂದೇ ಪಾಠಕ್ಕೆ ಕೂರಿಸದಿದ್ದರೆ, ಕಿಟ್ಟಿನಲ್ಲಿ ಕಂಡ ದೋಷ ಘಟಕದ ವಾಲ್ವನ್ನು ತಲುಪುವುದೇ ಇಲ್ಲ. (ಮೆಂಬ್ರೇನ್ ದಾಟದೆ ಉಳಿದ, ಫ್ಲೋರೈಡ್ ಮತ್ತಷ್ಟು ಸಾಂದ್ರವಾಗಿರುವ ತ್ಯಾಜ್ಯನೀರನ್ನು ಎಲ್ಲಿಗೆ ಬಿಡಬೇಕೆಂಬುದು ಯಾರ ಪಾಠದಲ್ಲಿದೆಯೋ!)

ನಿರ್ವಹಣೆಯನ್ನು ವಾರ್ಷಿಕ ಗುತ್ತಿಗೆಗೆ ಒಪ್ಪಿಸಿ, ಸ್ಥಳೀಯ ನಿರ್ವಾಹಕನನ್ನು ಕೆಟ್ಟಾಗ ಫೋನ್ ಮಾಡುವವನ ಮಟ್ಟಕ್ಕಿಳಿಸುವ ಪದ್ಧತಿ ಬದಲಾಗದೆ ಪಠ್ಯಕ್ರಮ ತಿದ್ದಿ ಪ್ರಯೋಜನವಿಲ್ಲ. ನಿರ್ವಾಹಕನು ಯಾರ ನೆರವೂ ಇಲ್ಲದೆ ಬ್ಯಾಕ್‌ವಾಶ್ ಮಾಡಿ, ಮಾಪಕಗಳನ್ನು ಓದಿ, ದೋಷವನ್ನು ಗುರುತಿಸಿ ತೋರಿಸುವವರೆಗೆ ಗ್ರಾಮ ಪಂಚಾಯಿತಿಗಳು ಗುತ್ತಿಗೆದಾರರ ಕೊನೆಯ ಕಂತನ್ನು ತಡೆಹಿಡಿಯಬೇಕು.